ಕಾದವರ ನೆಲಕ್ಕೇ ಗೆರೆ

(ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ದಂಡೆಗೆ ತಾಗಿದ ಒಂದು ಊರು. ಹಿರಿಯರಿಗೆ ಹೊಳೆಯ ಬದಿಗೆ ಎರಡು ಎಕರೆ ಗಜನಿ, ಅಂದರೆ ಉಪ್ಪುನೀರು ಹರಿದು ಬರುವ ಗದ್ದೆ, ಇದೆ. ಮೇಲೆ ಒಂದಿಷ್ಟು ಅಡಿಕೆ ತೋಟ, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ. ತರುಣಿ ಹೊನ್ನಾವರದವಳು, ಪರಿಸರ ವಿಜ್ಞಾನ ಓದಿ, ಅಳಿವೆಯ ನಿರ್ವಹಣಾ ಯೋಜನೆಗೆ ಊರೂರು ತಿರುಗಿ ಮಾಹಿತಿ ಕೂಡಿಸುವವಳು. ಇಂಥ ಇಬ್ಬರು ಒಂದು ಜಗಲಿಯಲ್ಲಿ ಕೂತರೆ ಮಾತು ಹೀಗೆ ಸಾಗೀತು.)

ಹಿರಿಯರು: ಬಾ ತಂಗಿ, ಕೂತ್ಕೋ. ಬಿಸಿಲಲ್ಲಿ ಬಂದಿದ್ದೀ, ಮೊದಲು ಬೆಲ್ಲ ನೀರು ಕುಡಿ. ನಕಾಶೆ ಆಮೇಲೆ ಬಿಚ್ಚು. ನಮ್ಮೂರಲ್ಲಿ ನಕಾಶೆ ಬಿಚ್ಚಿದವರೆಲ್ಲ ಏನಾದರೂ ತಕೊಂಡೇ ಹೋಗಿದ್ದಾರೆ.

ತರುಣಿ: ತಕೊಂಡು ಹೋಗೋಕೆ ಬಂದವಳಲ್ಲ ಮಾವಾ, ಕೇಳಿ ಬರ್ಕೊಂಡು ಹೋಗೋಕೆ ಬಂದವಳು. 2024ರಲ್ಲಿ ನಮ್ಮ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತಲ್ಲ, 4,801 ಹೆಕ್ಟೇರ್. ಅದಕ್ಕೊಂದು ನಿರ್ವಹಣಾ ಯೋಜನೆ ಬೇಕು. ಗಜನಿಯವರನ್ನ ಕೇಳದೆ ಅದನ್ನ ಬರೆಯೋದು ಹೇಗೆ?

ಹಿರಿಯರು: ಪಟ್ಟಿಗೆ ಸೇರಿಸೋ ಮೊದಲು ಕೇಳಿದ್ರಾ?

ತರುಣಿ: ನನ್ನನ್ನೂ ಯಾರೂ ಕೇಳಲಿಲ್ಲ. ಆದರೆ ಸೇರಿದ್ದರಿಂದ ನಿಮಗೆ ಕಡಿಮೆ ಆದದ್ದೇನು ಹೇಳಿ. ರಾಮ್ಸರ್ ಅಂದ್ರೆ ಬೇಲಿ ಅಲ್ಲ. 1971ರಲ್ಲಿ ಇರಾನಿನ ಆ ಹೆಸರಿನ ಊರಲ್ಲಿ ಆದ ಒಪ್ಪಂದ ಹೇಳೋದೇ ಜೌಗು ನೆಲವನ್ನ ವಿವೇಕದಿಂದ ಬಳಸಿ ಅಂತ. ನಮ್ಮ ದೇಶದ 2017ರ ನಿಯಮದಲ್ಲಿ ಭತ್ತದ ಗದ್ದೆ, ಉಪ್ಪಿನ ಆಗರ, ಸಿಗಡಿ ಹೊಂಡ ಯಾವುದೂ ಜೌಗು ಪ್ರದೇಶದ ಲೆಕ್ಕಕ್ಕೆ ಬರೋದಿಲ್ಲ. ಸಾಣಿಕಟ್ಟಾದವರು ಉಪ್ಪು ತೆಗೀಬಹುದು, ನೀವು ಕಗ್ಗ ಭತ್ತ ಬಿತ್ತಬಹುದು.

ಹಿರಿಯರು: ಅಂದ್ರೆ ನನ್ನ ಗದ್ದೆಗೆ ಅದರಿಂದ ತೊಂದರೆಯೂ ಇಲ್ಲ, ಉಪಕಾರವೂ ಇಲ್ಲ. ಆದ್ರೆ ಪಟ್ಟಿಗೆ ಸೇರಿಸುವಾಗ ಬರೆದ ವಿವರಣೆಯಲ್ಲಿ ಗಜನಿಯ ಹೆಸರು ಉಂಟಂತೆ, ಆರೇಳು ಸಾವಿರ ಕುಟುಂಬ ಈ ಅಳಿವೆಯಿಂದ ಬದುಕ್ತಾವೆ ಅಂತಲೂ ಉಂಟಂತೆ. ಹೊಗಳಿಕೆಗೆ ಗಜನಿ ಬೇಕು, ನಿಯಮಕ್ಕೆ ಬೇಡ.

ತರುಣಿ: ಅದಕ್ಕೇ ಮಾವಾ ಯೋಜನೆಯೊಳಗೆ ಗಜನಿಯನ್ನ ತರಬೇಕು ಅನ್ನೋದು. ಮೊದಲಿನಿಂದ ಹೇಳಿ, ಬರ್ಕೊಳ್ತೇನೆ.

ಹಿರಿಯರು: ಬರ್ಕೋ. ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಕಗ್ಗದ ಬೀಜ ಮೊಳಕೆ ಬರಿಸಿ ಬಿತ್ತೋದು. ಗೊಬ್ಬರ ಇಲ್ಲ, ಮದ್ದು ಇಲ್ಲ. ಆಳೆತ್ತರ ಬೆಳೀತದೆ, ನೆರೆಯಲ್ಲಿ ಮುಳುಗಿದ್ರೂ ಸಾಯೋದಿಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲು ಗದ್ದೆಯಲ್ಲೇ ಬಿಡ್ತೇವೆ. ಆಮೇಲೆ ಒಡ್ಡಿನ ಬಾಗಿಲು, ಜಂತ್ರಡಿ ಎತ್ತಿ ಉಪ್ಪುನೀರು ಒಳಗೆ ಬಿಟ್ರೆ ಆ ಹುಲ್ಲು ಕೊಳೆತು ಸಿಗಡಿಗೂ ಮೀನಿಗೂ ಆಹಾರ. ಬೇಸಿಗೆ ತನಕ ಅದೇ ಗದ್ದೆಯಲ್ಲಿ ಮೀನು. ಹಕ್ಕಿಗಳು ಬರೋದೂ ಆಗಲೇ. ಒಂದೇ ನೆಲ, ಆರು ತಿಂಗಳು ಗದ್ದೆ, ಆರು ತಿಂಗಳು ಹೊಳೆ. ಈ ನೆಲವನ್ನ ನಿನ್ನ ನಕಾಶೆಯಲ್ಲಿ ಯಾವ ಬಣ್ಣದಲ್ಲಿ ತೋರಿಸ್ತೀ?

ತರುಣಿ: ಅಷ್ಟು ಚೆನ್ನಾಗಿ ನಡೀತಿದ್ದರೆ ಇವತ್ತು ಇಷ್ಟೊಂದು ಗಜನಿ ಪಾಳು ಬಿದ್ದದ್ದು ಯಾಕೆ? ಅದನ್ನೂ ನೀವೇ ಹೇಳಬೇಕು.

ಹಿರಿಯರು: ಹೇಳ್ತೇನೆ. ಮೊದಲು ಜಮೀನ್ದಾರರ ಕಾಲ. ಒಡ್ಡು ಒಡೆದರೆ ರಾತ್ರಿಯೇ ಆಳು ಕಳಿಸಿ ಕಟ್ಟಿಸ್ತಿದ್ದರು. 1974ರ ಭೂಸುಧಾರಣೆ ಕಾಯ್ದೆಯಲ್ಲಿ ಗದ್ದೆ ಅಪ್ಪನ ಹೆಸರಿಗೆ ಬಂತು. ಗದ್ದೆ ಬಂತು, ಒಡ್ಡು ಯಾರಿಗೂ ಬರಲಿಲ್ಲ. ಸರ್ಕಾರ ಖಾರ್ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಒಡ್ಡು ಕಟ್ಟಿಸಿತು. ಕಟ್ಟಿದ್ದು ಸರ್ಕಾರ ಅಂದಮೇಲೆ ಬಿದ್ದಾಗ ರಿಪೇರಿಯೂ ಸರ್ಕಾರದ್ದೇ ಅಂತ ನಾವು ಕಾದು ಕೂತೆವು. ಆಮೇಲೆ ತೊಂಬತ್ತರ ದಶಕದಲ್ಲಿ ಸಿಗಡಿ ಕಂಟ್ರಾಕ್ಟು ಬಂತು. ಕೂತಲ್ಲೇ ದುಡ್ಡು, ಯಾರು ಬೇಡ ಅಂತಾರೆ?

ತರುಣಿ: ಸಿಗಡಿಗೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ್ರಿ. ಪಕ್ಕದವನು ಕಗ್ಗ ಬೆಳೀತೇನೆ ಅಂದ್ರೂ ಅವನ ಗದ್ದೆಗೆ ಉಪ್ಪು ಜಿನುಗಿತು. ರೋಗ ಬಂದು ಸಿಗಡಿ ಸತ್ತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೃಷಿಗೆ ತಡೆ ಹಾಕಿತು. ಅಷ್ಟು ಹೊತ್ತಿಗೆ ಕಗ್ಗದ ಬೀಜವೂ ಎಷ್ಟೋ ಮನೆಗಳಲ್ಲಿ ಉಳಿದಿರಲಿಲ್ಲ. ನಾನು ಇದನ್ನ ಆಡಿಕೊಳ್ಳೋಕೆ ಹೇಳ್ತಾ ಇಲ್ಲ. ಗಜನಿಯಲ್ಲಿ ಒಬ್ಬೊಬ್ಬರ ಮರ್ಜಿ ನಡೆಯೋದಿಲ್ಲ. ನೀರು ಒಂದೇ, ಬಾಗಿಲು ಒಂದೇ. ಒಂದು ಸರ್ವೆ ನಂಬರಿನವನ ಆಸೆ ನೂರು ಸರ್ವೆ ನಂಬರಿನ ಗದ್ದೆ ಕೆಡಿಸ್ತದೆ. ಮೇಲಿನಿಂದ ಒಂದು ಯೋಜನೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಿರಿಯರು: ಯೋಜನೆ ಬೇಕು, ಸರಿ. ಮೇಲಿನಿಂದಲೇ ಯಾಕೆ? ಮಾಣಿಕಟ್ಟಾಕ್ಕೆ ಹೋಗಿ ನೋಡು. ಅಲ್ಲಿ ಊರಿನ ರೈತರು ಸಮಿತಿ ಮಾಡ್ಕೊಂಡು ಇಡೀ ಗಜನಿಯನ್ನ ಒಟ್ಟಿಗೆ ಬಿತ್ತಿ, ಒಟ್ಟಿಗೆ ಕೊಯ್ದು, ಕಗ್ಗ ಉಳಿಸಿಕೊಂಡಿದ್ದಾರೆ. ಅವರಿಗೆ ಯಾವ ಇಲಾಖೆ ನಕಾಶೆ ಬರೆದುಕೊಟ್ಟಿತ್ತು?

ತರುಣಿ: ಮಾಣಿಕಟ್ಟಾ ಒಂದು ಊರು ಮಾವಾ. ಉಳಿದ ಊರುಗಳು?

ಹಿರಿಯರು: ಉಳಿದ ಊರುಗಳಲ್ಲಿ ಏನಾಗ್ತದೆ ಕೇಳು. ಪಾಳು ಬಿದ್ದ ಗದ್ದೆಯಲ್ಲಿ ಕಾಂಡ್ಲಾ, ನೀವು ಮ್ಯಾಂಗ್ರೋವ್ ಅನ್ನೋದು, ತಾನೇ ಹುಟ್ಟಿ ಬೆಳೀತದೆ. ಬೆಳೆದ ಮೇಲೆ ಅದು ಕರಾವಳಿ ನಿಯಂತ್ರಣ ವಲಯದ ಒಂದನೇ ವರ್ಗ, ಮುಟ್ಟುವ ಹಾಗಿಲ್ಲ. ನಾಳೆ ನನ್ನ ಮೊಮ್ಮಗ ಬೆಂಗಳೂರಿಂದ ಬಂದು ಮತ್ತೆ ಕಗ್ಗ ಬಿತ್ತುತ್ತೇನೆ ಅಂದ್ರೆ ಗದ್ದೆ ಕಾಡಾಗಿರ್ತದೆ. ಅದಕ್ಕೇ ತಿಳಿದವರು ಏನು ಮಾಡ್ತಾರೆ ಗೊತ್ತುಂಟಾ? ಸಸಿ ಮೊಣಕಾಲುದ್ದ ಇರುವಾಗಲೇ ಕಿತ್ತು ಹಾಕ್ತಾರೆ. ಮೀನು ಮರಿ ಹಾಕೋದು ಕಾಂಡ್ಲಾದ ಬೇರಿನಲ್ಲಿ ಅಂತ ಅವರಿಗೆ ಗೊತ್ತಿಲ್ಲದೆ ಅಲ್ಲ, ಕಾನೂನು ಗೊತ್ತಿದ್ದದ್ದಕ್ಕೆ. ನಿಮ್ಮ ಗೆರೆ ಬೀಳೋದು ಯಾವಾಗಲೂ ಕಾದವರ ನೆಲದ ಮೇಲೆ. ಬೋಳಿಸಿದವನ ನೆಲದಲ್ಲಿ ಕಾಯೋಕೆ ಏನೂ ಇಲ್ಲವಲ್ಲ, ಅವನು ಗೆರೆಯ ಹೊರಗೆ.

(ಈ ಮಾತಿಗೆ ಯೋಜನೆ ಬರೆಯುವವರ ಬಳಿ ಸಿದ್ಧ ಉತ್ತರ ಇದ್ದಂತಿಲ್ಲ. ತರುಣಿಯೂ ನೇರ ಉತ್ತರ ಕೊಡಲಿಲ್ಲ. ಮಾತನ್ನು ಹೊಳೆಯಿಂದ ಬೆಟ್ಟಕ್ಕೆ ಹತ್ತಿಸಿದಳು.)

ತರುಣಿ: ಕಾದವರು ಅಂತೀರಿ. ನಿಮ್ಮ ಸೊಪ್ಪಿನ ಬೆಟ್ಟ ನೋಡಿ ಬಂದೆ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಹಲವು ಎಕರೆ ಬೆಟ್ಟದ ಸವಲತ್ತು ಕೊಟ್ಟದ್ದು ಸೊಪ್ಪಿಗೆ, ಒಣ ಎಲೆಯ ದರಕಿಗೆ. ಎಷ್ಟು ಬೆಟ್ಟಗಳಲ್ಲಿ ಇವತ್ತು ಸೊಪ್ಪು ಕಡಿಯೋಕೆ ಮರ ಉಳಿದಿದೆ? ಕೆಲವರದು ಬೋಳು ಗುಡ್ಡ, ಕೆಲವರದು ಹೊಸ ಅಡಿಕೆ ತೋಟ. ಸರ್ಕಾರ ಗೆರೆ ಎಳೀಲಿಲ್ಲ ಅಲ್ಲಿ. ನಿಮಗೇ ಬಿಟ್ಟಿತ್ತು.

ಹಿರಿಯರು: ಬಿಟ್ಟಿರಲಿಲ್ಲ ತಂಗಿ, ಅರ್ಧ ಬಿಟ್ಟಿತ್ತು. ಸೊಪ್ಪು ನನ್ನದು, ಮರ ಸರ್ಕಾರದ್ದು. ನಾನು ಒಂದು ಹೊನ್ನೆ, ಒಂದು ಮತ್ತಿ ನೆಟ್ಟು ನಲವತ್ತು ವರ್ಷ ಸಾಕಿದರೂ ಮನೆಗೆ ಒಂದು ತೊಲೆ ಬೇಕಾದಾಗ ಅರ್ಜಿ ಹಿಡ್ಕೊಂಡು ಅಲೀಬೇಕು. ಹಾಗಿದ್ದ ಮೇಲೆ ಯಾರು ನೆಡ್ತಾರೆ? ಆದ್ರೂ ಬೆಟ್ಟ ಬೋಳಾದದ್ದರಲ್ಲಿ ನಮ್ಮ ಕತ್ತಿಯ ಪಾಲು ಉಂಟು, ಅದನ್ನ ಇಲ್ಲ ಅನ್ನೋದಿಲ್ಲ. ಹಳಕಾರದ ಕತೆ ಗೊತ್ತುಂಟಾ ನಿನಗೆ?

ತರುಣಿ: ಓದಿದ್ದೇನೆ. 1921ರಲ್ಲಿ ಕಾಲಿನ್ಸ್ ಅನ್ನೋ ಅಧಿಕಾರಿ ಇಲ್ಲಿನ ಕರಾವಳಿಯ ಅರಣ್ಯ ವ್ಯವಸ್ಥೆಯ ಬಗ್ಗೆ ವರದಿ ಬರೆದ. ಕುಮಟಾದ ಹಳಕಾರ, ಚಿತ್ರಗಿ, ಕಲ್ಲಬ್ಬೆ, ಈ ಊರುಗಳವರು ತಮ್ಮ ಕಾಡನ್ನ ತಾವೇ ಚೆನ್ನಾಗಿ ನೋಡಿಕೊಳ್ತಿದ್ದಾರೆ ಅಂತ ಕಂಡದ್ದರಿಂದ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳಾದವು.

ಹಿರಿಯರು: ಹಾಂ. ಪರಂಗಿಯವನು ನೋಡಿ ಒಪ್ಪಿದ್ದನ್ನ ನಮ್ಮದೇ ಸರ್ಕಾರ ಒಪ್ಪಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಪಂಚಾಯತಿಗಳನ್ನ ರದ್ದು ಮಾಡೋಕೆ ಹೊರಟರು. ಹಳಕಾರದವರು ಕೋರ್ಟಿಗೆ ಹೋಗಿ ತಡೆ ತಂದರು, ಕಾಡು ಉಳೀತು. ಚಿತ್ರಗಿಯಲ್ಲಿ ಪಂಚಾಯತಿ ಹೋಯ್ತು, ಕಾಡೂ ಹೋಯ್ತು. ಕುಮಟಾ ಪೇಟೆಯಿಂದ ಕೂಗಳತೆ ದೂರದಲ್ಲಿ ಹಳಕಾರದ ಕಾಡು ಇವತ್ತೂ ನಿಂತಿದೆ. ಅದಕ್ಕೆ ಕಾವಲುಗಾರನ ಸಂಬಳ ಊರಿನದ್ದೇ, ದಂಡವೂ ಊರಿನದ್ದೇ.

ತರುಣಿ: ಹಳಕಾರ ಉಳಿದದ್ದಕ್ಕೆ ಊರು ಕಾರಣ, ಒಪ್ಪಿದೆ. ಆದರೆ ಕೋರ್ಟಿನಲ್ಲಿ ಅವರ ಕೈಯಲ್ಲಿ ಇದ್ದದ್ದೇನು? ಗೆರೆ ಎಳೆದ ನಕಾಶೆ, ಸರ್ಕಾರದ ಆದೇಶ, ಬರೆದ ನಿಯಮ. ಬಾಯಿಮಾತಿನ ಪದ್ಧತಿ ಹಿಡ್ಕೊಂಡು ಹೋಗಿದ್ದರೆ ನಿಲ್ಲುತ್ತಿತ್ತಾ? ನೀವು ಬೈಯುವ ಕಾಗದವೇ ಅವರನ್ನ ಕಾದದ್ದು.

ಹಿರಿಯರು: ಅದು ಅವರ ಹೆಸರಿನ ಕಾಗದ. ನೀನು ತಂದದ್ದು ಯಾರ ಹೆಸರಿನದ್ದು?

ತರುಣಿ: ಅದನ್ನ ನಿಮ್ಮ ಹೆಸರಿಗೆ ಮಾಡೋಕೂ ಕಾನೂನಿನಲ್ಲಿ ದಾರಿ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆಗಿ ಎರಡು ಹೊಸ ಬಗೆ ಬಂದವು. ಸರ್ಕಾರಿ ಜಾಗವಾದರೆ ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ಜಾಗವಾದರೆ, ಅವರೇ ಮುಂದೆ ಬಂದರೆ, ಸಮುದಾಯ ಮೀಸಲು. ಮಂಡ್ಯದ ಕೊಕ್ಕರೆಬೆಳ್ಳೂರು 2007ರಲ್ಲಿ ಆದದ್ದು ಹಾಗೆ. 2022ರ ತಿದ್ದುಪಡಿಯಲ್ಲಂತೂ ಖಾಸಗಿ ಜಮೀನಾದರೆ ನಿರ್ವಹಣಾ ಸಮಿತಿಯಲ್ಲಿ ಮಾಲೀಕನೇ ಇರಬೇಕು ಅಂತ ಬರೆದಿದ್ದಾರೆ.

ಹಿರಿಯರು: ಸಂರಕ್ಷಣಾ ಮೀಸಲಿನ ಮಾತು ಮಾತ್ರ ನನ್ನೆದುರು ಎತ್ತಬೇಡ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದ್ರು. ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿಯ ಕಾಡು ಸೇರಿ 299 ಚದರ ಕಿಲೋಮೀಟರ್. ಊರಿನವರ ಜತೆ ಮಾತಾಡಿಯೇ ಘೋಷಿಸಬೇಕು, ಸಮಿತಿಯಲ್ಲಿ ಪ್ರತಿ ಗ್ರಾಮ ಪಂಚಾಯತಿಯ ಪ್ರತಿನಿಧಿ ಇರಬೇಕು ಅಂತ ಆ ಕಾಯ್ದೆಯಲ್ಲೇ ಉಂಟಲ್ಲ? ಜನ ಒಪ್ಪಿದ್ರು. ಎಂಟು ವರ್ಷ ಆಗಬೇಕಾದ್ರೆ, 2019ರಲ್ಲಿ, ಅದನ್ನೇ ಶರಾವತಿ ಕಣಿವೆಗೆ ಸೇರಿಸಿ 930 ಚದರ ಕಿಲೋಮೀಟರಿನ ಅಭಯಾರಣ್ಯ ಅಂದ್ರು. ಮೀಸಲಿನಲ್ಲಿ ಉಪ್ಪಾಗೆ ಹಣ್ಣು ಹೆಕ್ಕಬಹುದಿತ್ತು. ಅಭಯಾರಣ್ಯದಲ್ಲಿ ಬಿದ್ದ ಒಣಕಟ್ಟಿಗೆ ಎತ್ತಿದ್ರೂ ಕೇಸು. ಮೊದಲ ಮಾತಿಗೆ ಒಪ್ಪಿದ್ದಕ್ಕೆ ಸಿಕ್ಕ ಬಳುವಳಿ ಇದು.

(ಹಿರಿಯರ ದನಿ ಏರಿತು. ಏರಬೇಕಾದದ್ದೇ. ಮಾತುಕತೆಯಿಂದ ಶುರುವಾದ ಒಂದು ವ್ಯವಸ್ಥೆಯನ್ನು ಅಧಿಸೂಚನೆಯಿಂದ ಬದಲಿಸಿದರೆ, ಮುಂದಿನ ಸಲ ಜಗಲಿಗೆ ಬರುವವರು ಎಷ್ಟೇ ಒಳ್ಳೆಯವರಾದರೂ ಹಳೆಯ ಬಾಕಿಯನ್ನೂ ಹೊತ್ತೇ ಬರಬೇಕಾಗುತ್ತದೆ.)

ತರುಣಿ: ಅದು ಸರಿ ಅಂತ ನಾನು ವಾದಿಸೋದಿಲ್ಲ. ಆದರೆ ಸಿಂಗಳೀಕದ ಕಡೆಯಿಂದಲೂ ಒಂದು ಸಲ ನೋಡಿ. ಉಪ್ಪಾಗೆಗೆ ರೇಟು ಬಂದಾಗ ನಾನು ಬಿಟ್ಟರೆ ಪಕ್ಕದವನು ಕೊಯ್ತಾನೆ ಅಂತ ಕಾಯಿ ಬಲಿಯೋ ಮೊದಲೇ ಕೊಯ್ದರು, ಕೊಂಬೆ ಸಮೇತ ಕಡಿದರು. ಆ ಹಣ್ಣೇ ಸಿಂಗಳೀಕದ ಊಟ. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯೋದು ಕಡಿಮೆ. ನಡುವೆ ಹತ್ತು ಮರ ಹೋದರೆ ಅದರ ದಾರಿಯೇ ಹೋಯ್ತು. ಊರೂರಿನ ಸಮಿತಿ ತನ್ನ ಊರಿನ ಗಡಿ ನೋಡ್ತದೆ. ದೇವಿಮನೆ ಘಟ್ಟದಿಂದ ಗೇರುಸೊಪ್ಪದವರೆಗಿನ ಕಾಡನ್ನ ಒಂದೇ ಸಲಕ್ಕೆ ನೋಡೋರು ಯಾರು?

ಹಿರಿಯರು: ಗೇರುಸೊಪ್ಪ ಅಂದಿ, ಒಳ್ಳೇದಾಯ್ತು. ಅದೇ ಅಭಯಾರಣ್ಯದೊಳಗೆ ತಲಕಳಲೆಯಿಂದ ಗೇರುಸೊಪ್ಪಕ್ಕೆ ಸುರಂಗ ಕೊರೆದು 2,000 ಮೆಗಾವಾಟ್ ಕರೆಂಟು ಮಾಡೋ ಯೋಜನೆ ಬಂದದೆ. ರಾಜ್ಯ ವನ್ಯಜೀವಿ ಮಂಡಳಿಯೇ ಒಪ್ಪಿಗೆ ಕೊಟ್ಟಿದೆ. ಉಪ್ಪಾಗೆ ಹೆಕ್ಕುವವಳಿಗೆ ಸಿಂಗಳೀಕದ ಊಟದ ಲೆಕ್ಕ ಹೇಳ್ತೀರಿ. ಸುರಂಗಕ್ಕೆ ಬೇರೆ ಲೆಕ್ಕವೋ?

ತರುಣಿ: ಬೇರೆ ಆಗಬಾರದು. ಆದರೆ ಯೋಚನೆ ಮಾಡಿ. ಆ ಗೆರೆ ಇಲ್ಲದಿದ್ದರೆ ಯಾವ ಮಂಡಳಿಯ ಮುಂದೆ ಹೋಗುವ ಅಗತ್ಯವೂ ಇರಲಿಲ್ಲ. ಗೆರೆ ಇದ್ದದ್ದಕ್ಕೆ ಅಭಯಾರಣ್ಯದ ಒಳಗೆ ಇಂಥ ಯೋಜನೆಯಾ ಅಂತ ಇಡೀ ರಾಜ್ಯವೇ ಮಾತಾಡಿತು. 2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪದಲ್ಲಿ ಅಹವಾಲು ಸಭೆ ನಡೆದಾಗ ಅಲ್ಲಿ ಸೇರಿದವರಲ್ಲಿ ಅಭಯಾರಣ್ಯ ಬೇಡ ಅಂದವರೂ ಇದ್ದರು, ಅದೇ ಅಭಯಾರಣ್ಯದ ಹೆಸರು ಹೇಳಿ ಯೋಜನೆ ಬೇಡ ಅಂದ್ರು. ಇಲ್ಲೇ ತದಡಿ ನೋಡಿ. ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬರ್ತದೆ ಅಂದಾಗ ಈ ಅಳಿವೆಯಲ್ಲಿ ಏನೇನು ಬದುಕಿದೆ ಅಂತ ಪಟ್ಟಿ ಮಾಡಿದವರ ಅಧ್ಯಯನ ಹೋರಾಟಕ್ಕೆ ಬಲ ಕೊಡಲಿಲ್ಲವಾ? ನಿಮ್ಮ ಕಗ್ಗದ ಗದ್ದೆ ಹಾರುಬೂದಿಯ ಹೊಂಡ ಆಗದೆ ಉಳಿದದ್ದರಲ್ಲಿ ನಕಾಶೆಯವರ ಪಾಲೂ ಇದೆ.

ಹಿರಿಯರು: ಇದೆ. ತದಡಿ ಹೋರಾಟಕ್ಕೆ ನಾನೂ ಹೋಗಿದ್ದೆ.

ತರುಣಿ: ಮತ್ತೆ ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ವರದಿ ಬಂದಾಗ? 2011ರಲ್ಲಿ ಅವರು ಹೇಳಿದ್ದು ಗ್ರಾಮಸಭೆಯಿಂದ ತೀರ್ಮಾನ ಶುರುವಾಗಲಿ ಅಂತ. ನೀವು ಇವತ್ತು ಕೇಳ್ತಿರೋದನ್ನೇ. ಅದನ್ನ ಓದದೆಯೇ ವಿರೋಧ ಮಾಡಿದ್ರಿ, ಆಮೇಲೆ ಬಂದ ಕಸ್ತೂರಿರಂಗನ್ ವರದಿಗೂ ಅದೇ ಗತಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆ ವರದಿಯ ಮೇಲಿನ ಕೇಂದ್ರದ ಕರಡನ್ನ ತಿರಸ್ಕರಿಸಿತು. ತಿರಸ್ಕಾರದ ನಂತರ ಏನು ಅಂತ ಯಾರಾದರೂ ಕೇಳಿದ್ರಾ?

ಹಿರಿಯರು: ದಪ್ಪ ಇಂಗ್ಲಿಷ್ ವರದಿ ತಂಗಿ. ನಮಗೆ ಓದಿ ಹೇಳಿದವರು ರಾಜಕೀಯದವರು. ಅವರು ಏನು ಹೇಳಿದ್ರೋ ಅದೇ ವರದಿ. ಬರೆದವರು ಮೊದಲು ಬಂದು ಹೇಳಬೇಕಿತ್ತು. ಅಲ್ಲದೆ ಎಲ್ಲರ ಹೆದರಿಕೆ ಒಂದೇ ಅಲ್ಲ. ನನ್ನ ತಂಗಿಯನ್ನ ಭಟ್ಕಳ ತಾಲೂಕಿಗೆ ಕೊಟ್ಟಿದ್ದು. ಅವರದು ಅರಣ್ಯದ ಸರ್ವೆ ನಂಬರಿನಲ್ಲಿ ಮನೆ, ಅರ್ಧ ಎಕರೆ ಗದ್ದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ರು. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, 75 ವರ್ಷದ ದಾಖಲೆ ಬೇಕು. ಕೂಲಿ ಮಾಡಿ ಬದುಕಿದ ಅಜ್ಜ ದಾಖಲೆ ಇಟ್ಟಿದ್ದನಾ? ಅರ್ಜಿ ಬಿತ್ತು. ನೀನು ಮಾಲೀಕರನ್ನ ಸೇರಿಸ್ಕೊಂಡು ಯೋಜನೆ ಅಂತೀ. ಅವಳು ಮಾಲೀಕಳಾ, ಅತಿಕ್ರಮಣದವಳಾ? ನಿನ್ನ ಫಾರಮಿನಲ್ಲಿ ಅವಳಿಗೆ ಯಾವ ಅಂಕಣ?

(ಅಷ್ಟರಲ್ಲಿ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಮಾರುವಾಕೆ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳು. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಹೆಕ್ಕಿದ್ದು. ಸೀರೆ ಇನ್ನೂ ಒದ್ದೆ. ಮಾತು ಏನೆಂದು ಕೇಳಿಸಿಕೊಂಡಳು.)

ಬಳಚಿನಾಕೆ: ಅಣ್ಣಾ, ನಿಮಗೆ ಗದ್ದೆಗೊಂದು ಸರ್ವೆ ನಂಬರು ಉಂಟು. ಹೊಳೆಗೆ ನಂಬರಿಲ್ಲ, ನನಗೂ ಇಲ್ಲ. ರೇತಿ ತೆಗೆದು ತೆಗೆದು ಬಳಚಿನ ನೆಲ ಹೋಯ್ತು ಅಂತ ಹೇಳೋಕೆ ಹೋದ್ರೆ ನಿನ್ನ ಜಾಗ ಯಾವುದು ಅಂತ ಕೇಳ್ತಾರೆ. ಕಾಸರಕೋಡದಲ್ಲಿ ನನ್ನ ತವರು. ಅಲ್ಲಿ ಒಂದು ಬದಿಗೆ ನೀಲಿ ಬಾವುಟ ಹಾರಿಸಿದ್ದಾರೆ, ಒಳ್ಳೇ ಸಮುದ್ರದಂಡೆ ಅಂತ. ಇನ್ನೊಂದು ಬದಿಗೆ ಬಂದರು ಕಟ್ತೇವೆ ಅಂತ ಪೊಲೀಸರನ್ನ ತಂದು ನಿಲ್ಲಿಸಿದ್ರು. ಆ ಉಸುಕಿನಲ್ಲಿ ಆಮೆ ಮೊಟ್ಟೆ ಇಟ್ರೆ ರಾತ್ರಿ ಕಾಯೋರು ನಮ್ಮ ಹುಡುಗರೇ. ನಾವು ಯಾರಂತ ಬರ್ಕೊಳ್ತೀ ತಂಗಿ?

ತರುಣಿ: ಅವಲಂಬಿತರು ಅಂತ ಒಂದು ಅಂಕಣ ಇದೆ ಅಕ್ಕಾ.

ಬಳಚಿನಾಕೆ: ಯಾರ ಮೇಲೆ ಅವಲಂಬಿತರು?

(ಬಳಚು ಅಳೆದು ಕೊಟ್ಟು, ದುಡ್ಡು ಎಣಿಸಿ, ಆಕೆ ಮುಂದಿನ ಮನೆಗೆ ಹೋದಳು.)

ಹಿರಿಯರು: ಅವಳು ಹೇಳಿದ್ದರಲ್ಲಿ ನನಗೂ ಒಂದು ಪೆಟ್ಟು ಉಂಟು. ನಮ್ಮ ಗಜನಿಯ ಮೀನು ಹರಾಜು ಹಾಕುವಾಗ ಅವಳಂಥವರನ್ನ ಒಳಗೆ ಬಿಡೋದಿಲ್ಲ ನಾವು. ಮೊದಲು ಹರಾಜಾದ ಮೇಲೆ ಉಳಿದದ್ದನ್ನ ಯಾರು ಬೇಕಾದರೂ ಹಿಡೀಬಹುದಿತ್ತು.

ತರುಣಿ: ಅದಕ್ಕೇ ನಾನು ಹೇಳೋದು, ಮಾಲೀಕರ ಕೈಗೆ ಪೂರ್ತಿ ಕೊಟ್ಟರೂ ಆಗೋದಿಲ್ಲ ಅಂತ. ಮಾಲೀಕನ ಸಮಿತಿ ಮಾಲೀಕನ ಲಾಭ ನೋಡ್ತದೆ.

ಹಿರಿಯರು: ಲಾಭ ಎಲ್ಲಿಂದ ಬಂತು? ಕಗ್ಗದಲ್ಲಿ ಕೂಲಿಯ ದುಡ್ಡೂ ಹುಟ್ಟೋದಿಲ್ಲ. ನನ್ನ ಗದ್ದೆಯಲ್ಲಿ ಹಕ್ಕಿ ಇಳೀತದೆ, ಮೀನು ಮರಿ ಹಾಕ್ತದೆ, ನೆರೆ ಬಂದರೆ ನೀರು ತಡೀತದೆ. ಅದರ ಪ್ರಯೋಜನ ಇಡೀ ಜಿಲ್ಲೆಗೆ. ಒಡ್ಡಿನ ಖರ್ಚು ಮಾತ್ರ ನನ್ನ ತಲೆಗೆ. ಬೇರೆ ದೇಶದಲ್ಲಿ ಹೇಗೆ?

ತರುಣಿ: ಯುರೋಪಿನಲ್ಲಿ ನ್ಯಾಚುರಾ 2000 ಅಂತ ಒಂದು ಸಂರಕ್ಷಿತ ಜಾಲ ಇದೆ. ಅದರೊಳಗೆ ಖಾಸಗಿ ಜಮೀನೂ ಬಹಳ ಇದೆ. ಹುಲ್ಲು ಇಂಥ ತಿಂಗಳು ಕೊಯ್ಯಬೇಡಿ, ನೀರು ಇಷ್ಟು ನಿಲ್ಲಿಸಿ ಅಂತ ಒಪ್ಪಂದ ಆಗ್ತದೆ, ಆಗುವ ನಷ್ಟಕ್ಕೆ ಕೃಷಿ ನಿಧಿಯಿಂದ ಹಣ ಕೊಡೋ ವ್ಯವಸ್ಥೆಯೂ ಇದೆ. ಅಲ್ಲೂ ಶುರುವಿನಲ್ಲಿ ರೈತರು ಜಗಳ ಮಾಡಿದ್ದರು, ಹಣ ಸಾಲದು ಅಂತ ಈಗಲೂ ಮಾಡ್ತಾರೆ. ನಮ್ಮ ಪಕ್ಕದ ಕೇರಳದಲ್ಲಿ ಪೊಕ್ಕಾಳಿ, ಕೈಪಾಡ್ ಉಪ್ಪುನೀರಿನ ಅಕ್ಕಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಕಗ್ಗವನ್ನ ಕುಮಟಾದ ಆಚೆ ಕೇಳೋರು ಎಷ್ಟು ಜನ?

ಹಿರಿಯರು: ಹಾಗಾದ್ರೆ ನಿನ್ನ ಯೋಜನೆಯಲ್ಲಿ ಎರಡು ಸಾಲು ಬರಿ. ಒಡ್ಡು ಒಡೆದರೆ ಕಟ್ಟೋದು ಯಾರ ದುಡ್ಡಿನಲ್ಲಿ, ಎಷ್ಟು ದಿನದೊಳಗೆ. ಕಾಂಡ್ಲಾ ಬೆಳೆಯೋಕೆ ಬಿಟ್ಟವನಿಗೆ ಬದಲು ಏನು. ಇವೆರಡು ಇದ್ದರೆ ನನ್ನ ಸಹಿ.

ತರುಣಿ: ಬರೀತೇನೆ. ಆದರೆ ಮೇಲೆ ಅದು ಉಳೀತದೆ ಅಂತ ನಾನು ಭಾಷೆ ಕೊಡಲಾರೆ. ನಾನೂ ಒಂದು ಕೇಳ್ತೇನೆ, ಕೊಡ್ತೀರಾ? ಗಜನಿಯ ಸಮಿತಿಯಲ್ಲಿ ಬಳಚಿನವರಿಗೆ ಒಂದು ಜಾಗ. ವರ್ಷವಿಡೀ ಉಪ್ಪುನೀರು ನಿಲ್ಲಿಸೋದಿಲ್ಲ ಅಂತ ಎಲ್ಲರ ಸಹಿ.

ಹಿರಿಯರು: ಮೊದಲಿನದ್ದಕ್ಕೆ ನಾನು ಒಪ್ಪಿದ್ರೂ ಊರು ಒಪ್ಪಬೇಕು. ಎರಡನೆಯದ್ದಕ್ಕೆ ಸಿಗಡಿ ಕಂಟ್ರಾಕ್ಟು ಹಿಡಿದವರು ಒಪ್ಪೋದಿಲ್ಲ. ಅವರಲ್ಲಿ ನನ್ನ ಅಣ್ಣನ ಮಗನೂ ಒಬ್ಬ.

ತರುಣಿ: ಅಂದ್ರೆ ನಾವಿಬ್ಬರೂ ನಮ್ಮ ಕೈಯಲ್ಲಿ ಇಲ್ಲದ್ದನ್ನೇ ಮಾತಾಡ್ತಾ ಕೂತಿದ್ದೇವೆ.

ಹಿರಿಯರು: ಸ್ವಲ್ಪ ನಿನ್ನ ಕೈಯಲ್ಲಿ ಉಂಟು, ಸ್ವಲ್ಪ ನನ್ನ ಕೈಯಲ್ಲಿ ಉಂಟು. ಉಳಿದದ್ದು ಗ್ರಾಮಸಭೆಯಲ್ಲಿ ನೋಡುವ. ಕರಡು ತರುವಾಗ ಕನ್ನಡದಲ್ಲಿ ತಾ. ಸಹಿಗೆ ಮೊದಲು ತಾ.

(ಅಳಿವೆಯ ಯೋಜನೆ ಬರೆಯುವವರಲ್ಲಿ, ಅದಕ್ಕೆ ಒಪ್ಪಿಗೆ ಕೊಡುವ ರಾಜ್ಯದ ಜೌಗು ಪ್ರದೇಶ ಪ್ರಾಧಿಕಾರದಲ್ಲಿ ಕೇಳುವುದಿಷ್ಟೇ: ಕರಡು ಅಂತಿಮವಾಗುವ ಮುನ್ನ ದಂಡೆಯ ಪ್ರತಿ ಗ್ರಾಮಸಭೆಯಲ್ಲೂ ಅದನ್ನು ಕನ್ನಡದಲ್ಲಿ ಓದಿ ಹೇಳಿ. ಒಡ್ಡಿನ ದುರಸ್ತಿಗೆ ಹಣ ಎಲ್ಲಿಂದ ಎಂಬ ಸಾಲು ಅದರಲ್ಲಿ ಇರಲಿ. ಗಜನಿಯ ಮಾಲೀಕರಲ್ಲೂ ಒಂದು ಮಾತು: ಆ ಸಭೆಗೆ ಬಳಚಿನವರನ್ನೂ ಕರೆಯಿರಿ, ಇಳಿತದ ಹೊತ್ತು ಬಿಟ್ಟು ಸಮಯ ಇಡಿ.)